ಸೊಪ್ಪಿನ ಕೊಂಬೆ, ಹಳದಿ ಬಾವುಟ

ಕೋಳಿ ಕೂಗುವ ಹೊತ್ತಿಗೆ ಗೌರಿಬಿದನೂರು ಬಿಟ್ಟು ಮಂಚೇನಹಳ್ಳಿ ಮೇಲೆ ಚಿಕ್ಕಬಳ್ಳಾಪುರದ ಕಡೆ ಹೊರಟವರಿಗೆ ಗೊತ್ತು, ನಮ್ಮ ರಸ್ತೆಗಳು ಊರಿಗಿಂತ ಮೊದಲೇ ಎದ್ದಿರುತ್ತವೆ. ಹೂವಿನ ಮೂಟೆ ತುಂಬಿದ ಟೆಂಪೊ, ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಒಯ್ಯುವ ಪಿಕಪ್, ಚಿಂತಾಮಣಿ ಕಡೆಯಿಂದ ಟೊಮೆಟೊ ಕ್ರೇಟು ಹೇರಿಕೊಂಡ ಲಾರಿ, ಹಾಲಿನ ಗಾಡಿ, ಬೆಂಗಳೂರಿನ ಕೆಲಸಕ್ಕೆ ಓಡುವವರ ಬೈಕು. ಇವುಗಳ ನಡುವೆ ಒಮ್ಮೊಮ್ಮೆ ಟಾರಿನ ಮೇಲೆ ಹೊಂಗೆಯದೋ ಬೇವಿನದೋ ಒಂದು ಕೊಂಬೆ ಬಿದ್ದಿರುತ್ತದೆ. ಅದರಾಚೆ ಸಾಲಾಗಿ ಇಟ್ಟ ನಾಲ್ಕು ಕಲ್ಲು. ಇನ್ನೂ ಆಚೆ, ಆಕ್ಸಲ್ ಮುರಿದೋ ಟೈರ್ ಸಿಡಿದೋ ಕತ್ತಲಲ್ಲಿ ನಿಂತುಬಿಟ್ಟ ಲಾರಿ.

ಆ ಕೊಂಬೆಯ ಅರ್ಥವನ್ನು ಯಾವ ಡ್ರೈವಿಂಗ್ ಸ್ಕೂಲೂ ಕಲಿಸಿಲ್ಲ. ಆದರೂ ಈ ಸೀಮೆಯ ಪ್ರತಿಯೊಬ್ಬ ಡ್ರೈವರನಿಗೂ ಅದು ಗೊತ್ತು. ಮುಂದೆ ಗಾಡಿ ನಿಂತಿದೆ, ನಿಧಾನ. ಸೊಪ್ಪು ಕಂಡೊಡನೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಮಂಜು ಕವಿದ ದಿನ ಮಾತ್ರ ಸೊಪ್ಪು ಕಾಣುವುದಿಲ್ಲ. ಕೆಲವೊಮ್ಮೆ ಸೊಪ್ಪು ಇಟ್ಟಿರುವುದೇ ಇಲ್ಲ.

2023ರ ಅಕ್ಟೋಬರ್ 26, ಗುರುವಾರ. ದಸರೆ ಮುಗಿದು ಎರಡು ದಿನವಾಗಿತ್ತು. ಬಾಗೇಪಲ್ಲಿ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಟಾಟಾ ಸುಮೋ ಒಂದು ಚಿಕ್ಕಬಳ್ಳಾಪುರದ ಅಂಚಿನಲ್ಲಿ, ಚಿತ್ರಾವತಿ ಬಳಿ, ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರಿಗೆ ಹಿಂದಿನಿಂದ ಗುದ್ದಿತು. ಬೆಳಗಿನ ಹೊತ್ತು, ದಟ್ಟ ಮಂಜು. ಒಂದೇ ಗಾಡಿಯಲ್ಲಿದ್ದ 13 ಜನ ತೀರಿಕೊಂಡರು. ಮಾರನೆಯ ದಿನದ ಪತ್ರಿಕೆಗಳ ಮುಖಪುಟದಲ್ಲಿ ನಜ್ಜುಗುಜ್ಜಾದ ಸುಮೋದ ಚಿತ್ರವಿತ್ತು. ಒಂದು ವಾರ ನಮ್ಮ ಕಡೆಯ ಬಸ್ಸುಗಳಲ್ಲಿ, ಟೀ ಅಂಗಡಿಗಳಲ್ಲಿ ಅದೇ ಮಾತು. ಆಮೇಲೆ ಮಾತು ನಿಂತಿತು. ರಸ್ತೆ ಓಡುತ್ತಲೇ ಇತ್ತು.

ಆ ಮೌನ ನನ್ನನ್ನು ಬಿಟ್ಟಿಲ್ಲ. ನಿಂತ ಗಾಡಿಗೆ ಓಡುವ ಗಾಡಿ ಗುದ್ದುವುದು ರಸ್ತೆಯ ಅತಿ ಹಳೆಯ ಅಪಘಾತಗಳಲ್ಲಿ ಒಂದು. ಅದನ್ನು ತಡೆಯುವುದು ಹೇಗೆ, ತಡೆಯಲಾಗದಿದ್ದರೆ ಒಳಗಿದ್ದವರನ್ನು ಬದುಕಿಸುವುದು ಹೇಗೆ ಎಂದು ದಶಕಗಳಿಂದ ಬಿಡದೆ ಕೇಳಿಕೊಂಡು ಬಂದ ಒಂದು ಲೋಕವಿದೆ. ಅದು ಕಾರ್ ರೇಸಿನ ಲೋಕ. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುವವರಿಂದ ಕಲಿಯುವುದೇನಿದೆ ಎನಿಸಬಹುದು. ನನ್ನ ಮಟ್ಟಿಗೆ, ಎಲ್ಲಕ್ಕಿಂತ ಹೆಚ್ಚು ಅಲ್ಲಿಂದಲೇ ಕಲಿಯಬೇಕಿದೆ.

ಬಾಕುವಿನಲ್ಲಿ ನಿಂತ ಬೆಂಗಳೂರಿನ ಕಾರು

ಚಿಕ್ಕಬಳ್ಳಾಪುರದ ಅಪಘಾತ ನಡೆದು ವರ್ಷ ತುಂಬುವ ಮೊದಲು, 2024ರ ಸೆಪ್ಟೆಂಬರ್ 15ರ ಭಾನುವಾರ, ಅಜರ್‌ಬೈಜಾನ್‌ನ ಬಾಕು ನಗರದಲ್ಲಿ ಫಾರ್ಮುಲಾ 2 ರೇಸ್ ಶುರುವಾಯಿತು. ಸಾಲಾಗಿ ನಿಂತ ಕಾರುಗಳಲ್ಲಿ ಒಂದರಲ್ಲಿ ಬೆಂಗಳೂರಿನ ಕುಶ್ ಮೈನಿ ಕೂತಿದ್ದರು. ಕೆಂಪು ದೀಪ ಆರಿತು. ಅಕ್ಕಪಕ್ಕದ ಕಾರುಗಳು ಚಿಮ್ಮಿದವು. ಕುಶ್ ಅವರ ಕಾರು ಮಾತ್ರ ಕದಲಲಿಲ್ಲ. ಹಿಂದಿನ ಸಾಲುಗಳವರಿಗೆ ಮುಂದಿನ ಕಾರಿನ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದು ಪಕ್ಕಕ್ಕೆ ಸರಿದಾಗಲೇ ಅದರ ಮುಂದೆ ನಿಂತದ್ದು ಕಣ್ಣಿಗೆ ಬೀಳುವುದು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ವೇಗ ಪಡೆದು ಬಂದ ಕಾರುಗಳು ನಿಂತ ಕಾರಿಗೆ ಅಪ್ಪಳಿಸಿದವು. ಚೂರುಗಳು ರಸ್ತೆಯ ತುಂಬ ಹಾರಿದವು.

ಟಿವಿಯಲ್ಲಿ ನೋಡಿದವರು ಉಸಿರು ಬಿಗಿಹಿಡಿದಿರಬೇಕು. ಆದರೆ ಅಪಘಾತದಲ್ಲಿ ಸಿಕ್ಕಿದ ಮೂವರು ಚಾಲಕರೂ ಬದುಕಿದರು. ಮುಂದಿನ ವರ್ಷ ಮೇ ತಿಂಗಳಲ್ಲಿ ಅದೇ ಕುಶ್ ಮೊನಾಕೊದಲ್ಲಿ ಫಾರ್ಮುಲಾ 2 ರೇಸ್ ಗೆದ್ದರು. ಅಲ್ಲಿ ಗೆದ್ದ ಮೊದಲ ಭಾರತೀಯ ಅವರು.

ಅದೃಷ್ಟ ಎನ್ನುತ್ತೇವೆ. ಅದೃಷ್ಟಕ್ಕೂ ಒಂದು ಚರಿತ್ರೆ ಇರುತ್ತದೆ. ಆ ಚರಿತ್ರೆ ತಿಳಿಯಲು 42 ವರ್ಷ ಹಿಂದೆ, ಕೆನಡಾದ ಮಾಂಟ್ರಿಯಲ್‌ಗೆ ಹೋಗಬೇಕು.

1982ರ ಜೂನ್ 13. ಮೊದಲ ಸಾಲಿನ ಮೊದಲ ಸ್ಥಾನದಲ್ಲಿದ್ದ ಫೆರಾರಿ ಕಾರಿನ ಎಂಜಿನ್ ನಿಂತುಹೋಯಿತು. ಚಾಲಕ ದಿದಿಯೆ ಪಿರೋನಿ ಕೈ ಎತ್ತಿ ತೋರಿಸಿದರು. ಅಷ್ಟರಲ್ಲಿ ದೀಪ ಬದಲಾಗಿತ್ತು. ಮುಂದಿನವರು ಹೇಗೋ ತಪ್ಪಿಸಿಕೊಂಡರು. ಕೊನೆಯ ಸಾಲುಗಳಿಂದ ಬಂದ ಇಟಲಿಯ ರಿಕಾರ್ಡೊ ಪಲೆಟ್ಟಿಗೆ ಆಗಲಿಲ್ಲ. ನಿಂತ ಫೆರಾರಿಯ ಬೆನ್ನಿಗೆ ಅವರ ಕಾರು ನೆಟ್ಟಗೆ ಹೊಕ್ಕಿತು. ಎದೆ ಸ್ಟಿಯರಿಂಗಿಗೆ ಜಜ್ಜಿತು. ಸೋರಿದ ಪೆಟ್ರೋಲಿಗೆ ಬೆಂಕಿ ಹೊತ್ತಿತು. ಆಸ್ಪತ್ರೆ ಮುಟ್ಟಿದರೂ ಜೀವ ಉಳಿಯಲಿಲ್ಲ. ಇನ್ನೆರಡು ದಿನ ಕಳೆದಿದ್ದರೆ ಅವರಿಗೆ 24 ತುಂಬುತ್ತಿತ್ತು. ಮಗನ ರೇಸ್ ನೋಡಲು ತಾಯಿ ಅಲ್ಲಿಗೆ ಬಂದಿದ್ದರು.

ಮಾಂಟ್ರಿಯಲ್‌ನಲ್ಲೂ ಬಾಕುವಿನಲ್ಲೂ ಆದದ್ದು ಒಂದೇ ಅಪಘಾತ. ಒಂದರಲ್ಲಿ ಸಾವು, ಇನ್ನೊಂದರಲ್ಲಿ ಬದುಕು. ಈ ಎರಡರ ನಡುವೆ ಇರುವುದು ಹಲವು ಸಾವುಗಳು. ಪ್ರತಿ ಸಾವಿನ ಮುಂದೆಯೂ ಯಾರೋ ಕೂತು ಯಾಕೆ ಎಂದು ಕೇಳಿದ್ದಾರೆ, ಸಿಕ್ಕ ಉತ್ತರವನ್ನು ಲೋಹದಲ್ಲೋ ನಿಯಮದಲ್ಲೋ ಇಳಿಸಿದ್ದಾರೆ.

ಸಾವಿನಿಂದ ಹುಟ್ಟಿದ ನಿಯಮಗಳು

ಆ ಕಾಲದ ರೇಸ್ ಕಾರುಗಳಲ್ಲಿ ಚಾಲಕನ ಪಾದಗಳು ಮುಂದಿನ ಆಕ್ಸಲ್ಲಿಗಿಂತ ಮುಂದೆ ಚಾಚಿರುತ್ತಿದ್ದವು. ಎದುರಿಗೆ ಏನೇ ಸಿಕ್ಕಲಿ, ಮೊದಲ ಪೆಟ್ಟು ಕಾಲಿಗೆ. ಹಲವರ ಕಾಲು ಮುರಿದ ಮೇಲೆ, 1988ರಿಂದ ಪಾದಗಳು ಆಕ್ಸಲ್ಲಿನ ಹಿಂದೆಯೇ ಇರಬೇಕೆಂದಾಯಿತು. ಅದಕ್ಕೂ ಮೊದಲು, 1985ರಲ್ಲಿ, ಕಾರಿನ ಮೂತಿಯನ್ನು ಗುದ್ದಿಸಿ ಪರೀಕ್ಷಿಸುವುದು ಕಡ್ಡಾಯವಾಗಿತ್ತು. ಚಾಲಕ ಕೂರುವ ತೊಟ್ಟಿಯಂಥ ಭಾಗವನ್ನು ಕಾರ್ಬನ್ ಎಳೆಗಳಿಂದ ಕಟ್ಟುವುದು 1981ರಲ್ಲಿ ಮೆಕ್ಲಾರೆನ್ ತಂಡದಿಂದ ಶುರುವಾಗಿ ಎಲ್ಲರಿಗೂ ಹಬ್ಬಿತು. ಸುತ್ತಲಿನ ಕಾರೆಲ್ಲ ಪುಡಿಯಾಗಲಿ, ನಡುವಿನ ಆ ಗೂಡು ಉಳಿಯಬೇಕು ಎಂಬುದು ಇದರ ಹಿಂದಿನ ಲೆಕ್ಕ. ತೆಂಗಿನಕಾಯಿ ಮೇಲಿಂದ ಬಿದ್ದಾಗ ಮಟ್ಟೆ ಪೆಟ್ಟು ತಿಂದು ಒಳಗಿನ ಚಿಪ್ಪನ್ನು ಕಾಯುವ ಹಾಗೆ. ಬಾಕುವಿನ ರಸ್ತೆ ತುಂಬ ಹಾರಿದ ಚೂರುಗಳು ಆ ಮಟ್ಟೆ.

ಇನ್ನೊಂದು ಪಾಠ 1978ರ ಸೆಪ್ಟೆಂಬರಿನದು. ಇಟಲಿಯ ಮೊಂಜಾದಲ್ಲಿ ಮೊದಲ ಸುತ್ತಿನಲ್ಲೇ ಕಾರುಗಳು ಡಿಕ್ಕಿಯಾಗಿ ಸ್ವೀಡನ್ನಿನ ರಾನಿ ಪೀಟರ್ಸನ್ ಅವರ ಕಾಲುಗಳು ಮುರಿದವು. ಸಿಡ್ ವಾಟ್ಕಿನ್ಸ್ ಎಂಬ ಲಂಡನ್ನಿನ ನರಶಸ್ತ್ರವೈದ್ಯರು ಆ ವರ್ಷವಷ್ಟೇ ಫಾರ್ಮುಲಾ 1ರ ವೈದ್ಯರಾಗಿ ಬಂದಿದ್ದರು. ಗಾಯಾಳುವಿನ ಹತ್ತಿರ ಹೋಗಲು ಪೊಲೀಸರ ಸಾಲು ಅವರನ್ನೇ ಬಿಡಲಿಲ್ಲ. ಆಂಬುಲೆನ್ಸ್ ತಡವಾಯಿತು. ಪೀಟರ್ಸನ್ ಮರುದಿನ ತೀರಿಕೊಂಡರು. ಇನ್ನು ಮುಂದೆ ಮೊದಲ ಸುತ್ತು ಪೂರ್ತಿ ರೇಸ್ ಕಾರುಗಳ ಬೆನ್ನಿಗೇ ವೈದ್ಯರ ಕಾರು ಓಡಬೇಕು ಎಂದು ವಾಟ್ಕಿನ್ಸ್ ಪಟ್ಟು ಹಿಡಿದರು. ಹಾಗೇ ಆಯಿತು.

ಆ ಪಟ್ಟಿನ ಫಲ 42 ವರ್ಷದ ನಂತರ ಬಹರೈನಿನಲ್ಲಿ ಕಂಡಿತು. 2020ರ ನವೆಂಬರ್ 29ರಂದು, ಮೊದಲ ಸುತ್ತಿನಲ್ಲೇ, ಫ್ರಾನ್ಸಿನ ರೋಮೆನ್ ಗ್ರೋಜಾನ್ ಅವರ ಕಾರು ಕಬ್ಬಿಣದ ತಡೆಗೋಡೆಯನ್ನು ಸೀಳಿ ಎರಡು ತುಂಡಾಗಿ ಉರಿಯಿತು. ಹೆಚ್ಚುಕಡಿಮೆ ಅರ್ಧ ನಿಮಿಷ ಅವರು ಬೆಂಕಿಯೊಳಗಿದ್ದರು. ಬೆನ್ನಿಗೇ ಬಂದಿದ್ದ ವೈದ್ಯರ ಕಾರಿನವರು ಆಗಲೇ ಅಲ್ಲಿದ್ದರು. ಗ್ರೋಜಾನ್ ಕೈಗೆ ಸುಟ್ಟಗಾಯಗಳಾಗಿ ಉಳಿದರು. ತಡೆಗೋಡೆಯ ಕಬ್ಬಿಣ ಅವರ ತಲೆಗೆ ಬಡಿಯದಂತೆ ತಡೆದದ್ದು ಕಾರಿನ ಬಾಯಿಯ ಮೇಲೆ ಕಮಾನಿನಂತೆ ಕೂರಿಸಿದ ಟೈಟಾನಿಯಂ ಪಟ್ಟಿ, ಅಂದರೆ ಹೇಲೊ. ಒಂದು ಡಬಲ್ ಡೆಕ್ಕರ್ ಬಸ್ಸಿನ ಭಾರ ತಾಳುವಂತೆ ಮಾಡಿದ ಈ ಪಟ್ಟಿ 2018ರಲ್ಲಿ ಕಡ್ಡಾಯವಾದಾಗ, ಚಂದ ಕೆಟ್ಟಿತು, ಆಟದ ಖದರು ಹೋಯಿತು ಎಂದು ದೂರಿದವರು ಹಲವರು. ಗ್ರೋಜಾನ್ ಕೂಡ ಅದನ್ನು ವಿರೋಧಿಸಿದವರೇ. ಆಸ್ಪತ್ರೆಯ ಹಾಸಿಗೆಯಿಂದಲೇ ತಮ್ಮ ಅಭಿಪ್ರಾಯ ಬದಲಾಗಿದೆ ಎಂದು ಒಪ್ಪಿಕೊಂಡರು.

ಹೆಲ್ಮೆಟ್ ಬೇಡ, ಕೂದಲು ಕೆಡುತ್ತದೆ, ಸೆಕೆ ಎನ್ನುವ ನಮ್ಮ ಹುಡುಗರ ಮೇಲೆ ರೇಗುವಾಗ ಇದನ್ನು ನೆನೆಯಬೇಕು. ರಕ್ಷಣೆಯ ಸಾಧನವನ್ನು ಯಾವ ಊರಿನವರೂ ಮೊದಲ ದಿನವೇ ಪ್ರೀತಿಸಿಲ್ಲ. ಕಡ್ಡಾಯ ಮಾಡುವ ಗಟ್ಟಿತನ, ಯಾಕೆಂದು ತಿಳಿಹೇಳುವ ತಾಳ್ಮೆ ಎರಡೂ ಬೇಕು.

ತಪ್ಪು ಅವನದೇ, ಆದರೂ

ಚಿಕ್ಕಬಳ್ಳಾಪುರದ ಆ ಬೆಳಗಿಗೆ ಅತಿ ಹತ್ತಿರದ ಕಥೆ ನಡೆದದ್ದು ಜಪಾನಿನ ಸುಜುಕಾದಲ್ಲಿ. 2014ರ ಅಕ್ಟೋಬರ್ 5. ಧೋ ಎಂದು ಮಳೆ, ಇಳಿಯುತ್ತಿದ್ದ ಬೆಳಕು. ಒಂದು ತಿರುವಿನಲ್ಲಿ ಜಾರಿ ಹೊರಬಿದ್ದ ಕಾರನ್ನು ಎತ್ತಲು ಟ್ರ್ಯಾಕ್ಟರ್ ಮಾದರಿಯ ಕ್ರೇನ್ ಬಂದಿತ್ತು. ಅಪಾಯವಿದೆ, ನಿಧಾನ ಎಂದು ಎರಡೆರಡು ಹಳದಿ ಬಾವುಟ ಬೀಸುತ್ತಿದ್ದರು. ಮರುಸುತ್ತಿನಲ್ಲಿ ಅದೇ ತಿರುವಿಗೆ ಬಂದ 25 ವರ್ಷದ ಜೂಲ್ ಬಿಯಾಂಕಿ ಅವರ ಕಾರೂ ಜಾರಿತು. ಜಾರಿ ಕ್ರೇನಿನ ಅಡಿಗೆ ನುಗ್ಗಿತು. ಒಂಬತ್ತು ತಿಂಗಳು ಪ್ರಜ್ಞೆಯಿಲ್ಲದೆ ಮಲಗಿದ್ದ ಅವರು 2015ರ ಜುಲೈ 17ರಂದು ತೀರಿಕೊಂಡರು.

ಮುಂದೆ ನಡೆದದ್ದನ್ನು ನಾವು ಗಮನವಿಟ್ಟು ನೋಡಬೇಕು. ವಿಶ್ವ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ 10 ಜನರ ಸಮಿತಿ ಮಾಡಿತು. ಕೆಲವೇ ವಾರಗಳಲ್ಲಿ 396 ಪುಟಗಳ ವರದಿ ಬಂತು. ಹಳದಿ ಬಾವುಟ ಕಂಡ ಮೇಲೆ ಬಿಯಾಂಕಿ ಸಾಕಷ್ಟು ವೇಗ ತಗ್ಗಿಸಿರಲಿಲ್ಲ ಎಂದು ವರದಿ ನೇರವಾಗಿ ಹೇಳಿತು.

ನಮ್ಮಲ್ಲಾದರೆ ಕಡತ ಅಲ್ಲಿಗೆ ಮುಚ್ಚುತ್ತಿತ್ತು. ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ ಎಂದು ಒಂದು ಸಾಲು ಬರೆದರೆ ಮುಗಿಯಿತು. ಅಲ್ಲಿ ಆ ಸಾಲಿನಿಂದಲೇ ಕೆಲಸ ಶುರುವಾಯಿತು. ಬಾವುಟ ಕಂಡರೂ ಚಾಲಕ ವೇಗ ಇಳಿಸಲಿಲ್ಲ ಎಂದಾದರೆ, ಎಷ್ಟು ಇಳಿಸಬೇಕೆಂಬುದನ್ನು ಅವನ ಅಂದಾಜಿಗೆ ಬಿಟ್ಟದ್ದು ಸರಿಯೇ? ಪಕ್ಕದ ಕಾರು ಇಳಿಸದಿದ್ದಾಗ ಇವನೊಬ್ಬ ಇಳಿಸಿ ಹಿಂದೆ ಬೀಳುತ್ತಾನೆಯೇ? ಈ ಪ್ರಶ್ನೆಗಳಿಂದ 2015ರಲ್ಲಿ ವರ್ಚುವಲ್ ಸೇಫ್ಟಿ ಕಾರ್ ಎಂಬ ವ್ಯವಸ್ಥೆ ಬಂತು. ಅಪಾಯವಿದೆ ಎಂದು ನಿರ್ವಾಹಕರು ಗುಂಡಿ ಒತ್ತಿದರೆ ಟ್ರ್ಯಾಕಿನ ಸುತ್ತಲೂ ದೀಪಫಲಕ ಬೆಳಗುತ್ತದೆ, ಪ್ರತಿ ಚಾಲಕನ ಸ್ಟಿಯರಿಂಗಿನ ಮೇಲೂ ಸೂಚನೆ ಮೂಡುತ್ತದೆ. ಎಲ್ಲರೂ ಒಟ್ಟಿಗೆ, ಗೊತ್ತುಮಾಡಿದ ಮಟ್ಟಕ್ಕೆ ವೇಗ ಇಳಿಸಬೇಕು. ಯಾರಿಗೂ ನಷ್ಟವಿಲ್ಲ, ಯಾರಿಗೂ ಲಾಭವಿಲ್ಲ. ಮೀರಿದವರಿಗೆ ಶಿಕ್ಷೆ. ಕತ್ತಲಾಗುವ ಮುನ್ನ ರೇಸ್ ಮುಗಿಯುವಂತೆ ಸಮಯ ಗೊತ್ತುಮಾಡಬೇಕೆಂಬ ಸಲಹೆಯೂ ಅದೇ ವರದಿಯದು.

ಮನುಷ್ಯ ತಪ್ಪು ಮಾಡುತ್ತಾನೆ, ಅವನ ತಪ್ಪಿಗೆ ಸಾವು ಬೆಲೆಯಾಗಬಾರದು. ಇದು ರೇಸಿನ ಲೋಕ ಬಹಳ ಕಷ್ಟಪಟ್ಟು ಕಲಿತ ಮಾತು. ಕಲಿತದ್ದನ್ನು ಮರೆತದ್ದೂ ಉಂಟು. 2022ರಲ್ಲಿ ಅದೇ ಸುಜುಕಾದಲ್ಲಿ, ಅಂಥದೇ ಮಳೆಯಲ್ಲಿ, ಕಾರುಗಳು ಇನ್ನೂ ಓಡುತ್ತಿದ್ದಾಗಲೇ ಕ್ರೇನ್ ಟ್ರ್ಯಾಕಿಗೆ ಬಂತು. ಅದರ ಪಕ್ಕದಲ್ಲೇ ಹಾದುಹೋದ ಪಿಯೆರ್ ಗ್ಯಾಸ್ಲಿ ಸಿಟ್ಟಿನಿಂದ ಕೂಗಾಡಿದರು. ಬಿಯಾಂಕಿಯ ಹೆಸರು ಮತ್ತೆ ಎಲ್ಲರ ಬಾಯಲ್ಲಿ ಬಂತು. ಎಫ್‌ಐಎ ಮತ್ತೆ ತನಿಖೆ ಮಾಡಿ ಕ್ರಮಗಳನ್ನು ಬಿಗಿ ಮಾಡಬೇಕಾಯಿತು. ಎಂಟು ವರ್ಷ ಕಳೆದರೂ ಸತ್ತವನ ಹೆಸರು ಹಿಡಿದು ಪ್ರಶ್ನೆ ಕೇಳುವವರು ಅಲ್ಲಿದ್ದರು.

ನಮ್ಮವರ ನೋವು

ಈ ಪಾಠಗಳ ನೋವು ಕನ್ನಡ ನಾಡಿಗೂ ಮುಟ್ಟಿದೆ. ಡಕಾರ್ ರ್‍ಯಾಲಿಯಲ್ಲಿ ಓಡಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ 2020ರಲ್ಲಿ ಅದೇ ರ್‍ಯಾಲಿಯಲ್ಲಿ ತಮ್ಮ ತಂಡದ ಜತೆಗಾರ, ಪೋರ್ಚುಗಲ್‌ನ ಪಾವ್ಲೊ ಗೊನ್ಸಾಲ್ವೆಸ್ ಅವರನ್ನು ಕಳೆದುಕೊಂಡರು. ಆ ವರ್ಷದ ಸಾವುಗಳ ನಂತರ ಬೈಕ್ ಸವಾರರಿಗೆಲ್ಲ ಏರ್‌ಬ್ಯಾಗ್ ಇರುವ ಜಾಕೆಟ್ ಕಡ್ಡಾಯವಾಯಿತು. ಮರುವರ್ಷ, 2021ರ ಜನವರಿಯಲ್ಲಿ, ಸೌದಿಯ ಮರಳುಗಾಡಿನಲ್ಲಿ ಸಂತೋಷ್ ಅವರೇ ಬಿದ್ದರು. ತಲೆಗೆ ಪೆಟ್ಟು, ವೈದ್ಯರು ಔಷಧ ಕೊಟ್ಟು ಕೋಮಾದಲ್ಲಿಟ್ಟರು. ನಾಡೇ ಆತಂಕದಲ್ಲಿತ್ತು. ಅವರು ಬದುಕಿ ಬೆಂಗಳೂರಿಗೆ ಮರಳಿದರು. ಒಂದೇ ನಿಯಮದತ್ತ ಬೆರಳು ಮಾಡಿ ಇದೇ ಉಳಿಸಿತು ಎನ್ನಲಾಗದು. ರಕ್ಷಣೆ ಎನ್ನುವುದು ರೇಷ್ಮೆ ಎಳೆಗಳಂತೆ. ಹಲವು ಎಳೆ ಹೊಸೆದರೇ ಹುರಿ.

ಮತ್ತೊಂದು ಹೆಸರು ಬರೆಯುವಾಗ ಕೈ ನಿಲ್ಲುತ್ತದೆ. ಶ್ರೇಯಸ್ ಹರೀಶ್. ಬೆಂಗಳೂರಿನ ಹುಡುಗ, 13 ವರ್ಷ. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಬೈಕ್ ರೇಸಿನಲ್ಲಿ ಓಡುವಾಗ, ರೇಸ್ ಶುರುವಾದ ಕೂಡಲೇ ಬಿದ್ದು ತೀರಿಕೊಂಡ. ಆ ವಾರಾಂತ್ಯದ ಉಳಿದ ರೇಸುಗಳನ್ನೆಲ್ಲ ರದ್ದು ಮಾಡಿದರು. 2021ರಲ್ಲಿ ಯುರೋಪಿನಲ್ಲಿ ಮೂವರು ಹದಿಹರೆಯದ ಸವಾರರು ಹೀಗೇ ಸತ್ತಾಗ, ವಿಶ್ವ ಬೈಕ್ ರೇಸಿನ ಸಂಸ್ಥೆ ಸವಾರರ ಕನಿಷ್ಠ ವಯಸ್ಸನ್ನು ಏರಿಸಿತ್ತು. ವಿಶ್ವ ಚಾಂಪಿಯನ್‌ಷಿಪ್‌ಗೆ 2023ರಿಂದ 18 ವರ್ಷ. ಮಕ್ಕಳ ರೇಸುಗಳಲ್ಲಿ ಒಟ್ಟಿಗೆ ಓಡುವ ಬೈಕುಗಳ ಸಂಖ್ಯೆಯನ್ನೂ ತಗ್ಗಿಸಿದರು. ಗುಂಪಿನ ನಡುವೆ ಬಿದ್ದ ಸವಾರನ ಮೇಲೆ ಹಿಂದಿನ ಬೈಕು ಹರಿಯುವುದನ್ನು ಯಾವ ಜಾಕೆಟ್ಟೂ ತಡೆಯಲಾರದು, ಗುಂಪೇ ಚಿಕ್ಕದಿರಬೇಕು. ಶ್ರೇಯಸ್‌ನಂಥ ಮಕ್ಕಳ ವಿಷಯದಲ್ಲಿ ನಮ್ಮ ದೇಶ ಇಂಥ ಪ್ರಶ್ನೆಗಳನ್ನು ಇನ್ನಷ್ಟು ಗಟ್ಟಿಯಾಗಿ ಕೇಳಬೇಕು. ಆ ಹುಡುಗನಿಗೆ ನಾವು ಅಷ್ಟು ಋಣಿಗಳು.

ಹೆದ್ದಾರಿಗೂ ಒಂದು ವರದಿ ಬೇಕು

ರೇಸ್ ಟ್ರ್ಯಾಕಿನಲ್ಲಿ ಒಂದು ಸಾವಾದರೆ ಜಗತ್ತು ನಿಲ್ಲುತ್ತದೆ. 2022ನೇ ಇಸವಿಯೊಂದರಲ್ಲೇ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ದಿನಕ್ಕೆ 460ಕ್ಕೂ ಹೆಚ್ಚು. ಟ್ರ್ಯಾಕಿಗಿರುವಷ್ಟು ಹಣ ಹೆದ್ದಾರಿಗಿಲ್ಲ ಎನ್ನಬಹುದು, ನಿಜ. ಪ್ರಶ್ನೆ ಕೇಳುವುದಕ್ಕೆ ಅಷ್ಟು ಹಣ ಬೇಕಿಲ್ಲ.

ಚಿಕ್ಕಬಳ್ಳಾಪುರದ ಆ ಬೆಳಗಿನಂಥ ಅಪಘಾತವನ್ನು ಸುಜುಕಾದ ಸಮಿತಿಯ ಮುಂದಿಟ್ಟರೆ ಅವರು ಏನು ಕೇಳುತ್ತಿದ್ದರು? ಟ್ಯಾಂಕರು ಯಾಕೆ ಅಲ್ಲಿ ನಿಂತಿತು? ರಾತ್ರಿಯೆಲ್ಲ ಓಡಿ ದಣಿದ ಲಾರಿಯವರಿಗೆ ನಿದ್ದೆ ಮಾಡಲು ಹೆದ್ದಾರಿಯಿಂದ ಆಚೆ ಜಾಗ ಎಷ್ಟು ಕಿಲೋಮೀಟರಿಗೊಂದು ಇದೆ? ನಿಂತ ಗಾಡಿಯ ಬೆನ್ನಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಇತ್ತೇ, ಇದ್ದರೆ ಅದರ ಮೇಲೆ ಎಷ್ಟು ದೂಳು ಕೂತಿತ್ತು? ಚಳಿಗಾಲದಲ್ಲಿ ಮಂಜು ಕವಿಯುವ ಜಾಗಗಳು ನಮ್ಮ ಡ್ರೈವರುಗಳಿಗೆಲ್ಲ ಗೊತ್ತಿರುವಾಗ, ಅಲ್ಲಿ ಮುಂಜಾನೆಯ ವೇಗವನ್ನು ಇಳಿಸುವ ದೀಪಫಲಕ ಯಾಕಿಲ್ಲ? ಲಾರಿಯ ಬೆನ್ನಿನ ಕೆಳಗಿರಬೇಕಾದ ಅಡ್ಡಪಟ್ಟಿ ಗಟ್ಟಿಯಾಗಿತ್ತೇ? ಆ ಪಟ್ಟಿ ಇಲ್ಲದಿದ್ದರೆ ಗುದ್ದಿದ ಕಾರಿನ ಬಾನೆಟ್ಟು ಲಾರಿಯಡಿ ನುಸುಳಿ, ಪೆಟ್ಟು ನೇರ ಕೂತವರ ಮುಖಕ್ಕೇ ಬೀಳುತ್ತದೆ. ಹಿಂದಿನ ಸೀಟಿನವರು ಬೆಲ್ಟು ಹಾಕಿದ್ದರೇ? ಅಷ್ಟು ಜನ ಒಂದೇ ಗಾಡಿಯಲ್ಲಿ ತುಂಬಿ ಹೋಗಬೇಕಾದದ್ದು ಯಾಕೆ, ಆ ಹೊತ್ತಿಗೆ ಅವರಿಗೆ ಬಸ್ಸು ಇತ್ತೇ?

ಇದರಲ್ಲಿ ಒಂದು ಪ್ರಶ್ನೆಯೂ ಕಾನೂನಿಗೆ ಹೊರಗಿನದಲ್ಲ. ಅಪಾಯವಾಗುವಂತೆ ವಾಹನ ನಿಲ್ಲಿಸಬಾರದೆಂದು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ಹೇಳುತ್ತದೆ. ಅಪಘಾತಗಳ ಕಾರಣವನ್ನು ಆಳವಾಗಿ ಅಧ್ಯಯನ ಮಾಡಲು, ಹೆದ್ದಾರಿಯ ಬದಿ ಲಾರಿ ನಿಲ್ದಾಣಗಳನ್ನು ಕಟ್ಟಲು ರಾಜ್ಯ ಸರ್ಕಾರ ಯೋಜನೆ ಮಾಡಬಹುದೆಂದು 135ನೇ ಕಲಂ ಹೇಳುತ್ತದೆ. ಎರಡೂ ಮಾತು ಒಂದೇ ಕಲಮಿನಲ್ಲಿವೆ. ರಸ್ತೆಯ ವಿನ್ಯಾಸದಲ್ಲಿ, ನಿರ್ವಹಣೆಯಲ್ಲಿ ಸುರಕ್ಷತೆಯ ಮಾನದಂಡ ಪಾಲಿಸದೆ ಸಾವುನೋವಾದರೆ ಹೊಣೆಗಾರರಿಗೆ ದಂಡ ಹಾಕಬಹುದೆಂದು 2019ರ ತಿದ್ದುಪಡಿ ಸೇರಿಸಿದೆ. ಕಾನೂನು ದಾರಿ ತೋರಿಸಿದೆ. ಆ ದಾರಿಯಲ್ಲಿ ನಡೆಯುವವರು ಬೇಕು.

ನಮ್ಮಿಂದ ಆಗುವುದಿಲ್ಲ ಎನ್ನುವವರಿಗೆ ನಾನು ನೆಲಮಂಗಲದ ಕಡೆ ಕೈ ತೋರಿಸುತ್ತೇನೆ. 2016ರ ಫೆಬ್ರವರಿಯಲ್ಲಿ ತುಮಕೂರು ಹೆದ್ದಾರಿಯಲ್ಲಿ ಲಾರಿ ಹರಿದು ಹರೀಶ್ ಎಂಬ ಯುವಕನ ದೇಹ ಎರಡು ತುಂಡಾಯಿತು. ಸಾಯುವ ಆ ಗಳಿಗೆಯಲ್ಲೂ ಆತ ತನ್ನ ಅಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡ. ಕಣ್ಣುಗಳು ದಾನವಾದವು. ಮರುತಿಂಗಳೇ ಅವನ ಹೆಸರಿನಲ್ಲಿ ಸಾಂತ್ವನ ಯೋಜನೆ ಶುರುವಾಯಿತು. ರಾಜ್ಯದ ಯಾವುದೇ ರಸ್ತೆಯಲ್ಲಿ ಗಾಯಗೊಂಡವರಿಗೆ, ಯಾವ ಊರಿನವರೆಂದು ಕೇಳದೆ, ಮೊದಲ 48 ಗಂಟೆಯ ಚಿಕಿತ್ಸೆಗೆ 25 ಸಾವಿರ ರೂಪಾಯಿವರೆಗಿನ ಖರ್ಚನ್ನು ಸರ್ಕಾರ ಹೊರುವ ಯೋಜನೆ ಅದಾಗಿತ್ತು. ಒಬ್ಬನ ಸಾವು ಮುಂದಿನವನ ಬದುಕಿಗೆ ನಿಯಮವಾದದ್ದು ಹೀಗೆ, ನಮ್ಮದೇ ನೆಲದಲ್ಲಿ. ಹರೀಶನಿಗೆ ಸಿಕ್ಕ ಆ ಗೌರವ ಚಿತ್ರಾವತಿಯ 13 ಜನಕ್ಕೂ ಸಿಗಬೇಕು. ಅವರ ನೆನಪಿಗೆ ಕಲ್ಲು ನೆಡುವುದಕ್ಕಿಂತ, ಅವರ ನೆನಪಿನಲ್ಲಿ ಒಂದು ಲಾರಿ ನಿಲ್ದಾಣ, ಒಂದು ಮಂಜಿನ ದೀಪ, ಪುಟ ಎಷ್ಟಾದರೂ ಸರಿ ಒಂದು ವರದಿ.

ಈ ಜಿಲ್ಲೆಯ ದಾರಿಗಳಲ್ಲಿ ಇವತ್ತು ರಾತ್ರಿಯೂ ಎಲ್ಲೋ ಒಂದು ಲಾರಿ ಕೆಟ್ಟು ನಿಲ್ಲುತ್ತದೆ. ಕ್ಲೀನರ್ ಹುಡುಗ ಕೆಳಗಿಳಿದು ರಸ್ತೆ ಬದಿಯ ಹೊಂಗೆಯ ಕೊಂಬೆ ಮುರಿಯುತ್ತಾನೆ. ನಲವತ್ತು ಹೆಜ್ಜೆ ಹಿಂದಕ್ಕೆ ನಡೆದು ಟಾರಿನ ಮೇಲೆ ಹಾಸುತ್ತಾನೆ. ಬರುವವರು ಯಾರೆಂದು ಅವನಿಗೆ ಗೊತ್ತಿಲ್ಲ. ಅವರು ಸಾಯಬಾರದು ಎಂಬುದಷ್ಟೇ ಅವನಿಗೆ ಗೊತ್ತಿರುವುದು. ಸುಜುಕಾದಲ್ಲಿ ಮಳೆಯಲ್ಲಿ ನೆನೆಯುತ್ತ ಹಳದಿ ಬಾವುಟ ಬೀಸುತ್ತಿದ್ದವರೂ ಅದನ್ನೇ ಬಯಸಿದ್ದರು. ಅಲ್ಲಿ ಬಾವುಟ ಸಾಲದೆಂದು ತಿಳಿದ ದಿನದಿಂದ ಟ್ರ್ಯಾಕಿನ ಸುತ್ತ ದೀಪಗಳು ಬಂದವು. ಇಲ್ಲಿ ಆ ಹುಡುಗ ಇನ್ನೂ ಸೊಪ್ಪು ಹಿಡಿದು ಒಬ್ಬನೇ ನಿಂತಿದ್ದಾನೆ.